ಮೊದಲು ವೇಳಾಪಟ್ಟಿ, ಆಮೇಲೆ ಟಿಕೆಟ್

ಶಿಕಾಗೊ

ಪ್ರೀತಿಯ ಮಂಜುಗೆ ಅಕ್ಕನ ಆಶೀರ್ವಾದಗಳು.

ಅಪ್ಪ, ಅಮ್ಮನಿಗೆ ನಮಸ್ಕಾರ ತಿಳಿಸು. ಅಪ್ಪನ ಜೊತೆ ಬಂದು ಅಮೆರಿಕದ ಐದು ಊರಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ಪಂದ್ಯ ನೋಡ್ಬೇಕು ಅಂತ ನೀನು ಕಳಿಸಿದ ಪಟ್ಟಿ ಸಿಕ್ತು. ಶಿಕಾಗೊ, ಡೆಟ್ರಾಯ್ಟ್, ಕ್ಲೀವ್‌ಲ್ಯಾಂಡ್, ಪಿಟ್ಸ್‌ಬರ್ಗ್, ಸಿನ್ಸಿನಾಟಿ ಸುತ್ತಿಕೊಂಡು ವಾಪಸ್ ಶಿಕಾಗೊಗೆ ಬಂದ್ರೆ ಸುಮಾರು 1,900 ಕಿ.ಮೀ. ಆಗುತ್ತೆ. ಸಣ್ಣ ಕಾರಿಗೆ 40 ಗ್ಯಾಲನ್, ಅಂದ್ರೆ 150 ಲೀಟರ್ ಪೆಟ್ರೋಲ್ ಸಾಕು. ಅದು ಹೋಟೆಲಿನ ಒಂದೆರಡು ರಾತ್ರಿಯ ಖರ್ಚಿಗಿಂತ ಹೆಚ್ಚಲ್ಲ. ದುಡ್ಡು ಕರಗೋದು ಸುಮ್ಮನೆ ಕಾಯೋ ರಾತ್ರಿಗಳಲ್ಲಿ ಮತ್ತು ಪಾರ್ಕಿಂಗಲ್ಲಿ. ಹಾಗಾಗಿ ಟಿಕೆಟ್ ಬೆಲೆ ಹುಡುಕೋದು ಬಿಟ್ಟು ಮೊದಲು ವೇಳಾಪಟ್ಟಿ ಹಿಡಿದು ಕೂತ್ಕೋ.

ಪ್ರತಿ ತಂಡಕ್ಕೂ 162 ಪಂದ್ಯ, ಅದರಲ್ಲಿ 81 ಮಾತ್ರ ತವರಲ್ಲಿ. ತಂಡ ಒಂದು ವಾರ ಊರಲ್ಲಿದ್ರೆ ಮುಂದಿನ ವಾರ ಪರವೂರಲ್ಲಿರುತ್ತೆ. ಒಂದು ಹಾಳೆಯಲ್ಲಿ ಅಡ್ಡಕ್ಕೆ ತಾರೀಖು, ಉದ್ದಕ್ಕೆ ತಂಡದ ಹೆಸರು ಬರೆದು ತವರಿನ ದಿನಕ್ಕಷ್ಟೇ ಗುರುತು ಹಾಕು. ಇಲ್ಲೊಂದು ತೊಡಕಿದೆ. ಶಿಕಾಗೊದ ಕಬ್ಸ್, ಪಿಟ್ಸ್‌ಬರ್ಗ್‌ನ ಪೈರೇಟ್ಸ್, ಸಿನ್ಸಿನಾಟಿಯ ರೆಡ್ಸ್ ಲೀಗಿನ ಒಂದೇ ವಿಭಾಗದವು, ಡೆಟ್ರಾಯ್ಟ್‌ನ ಟೈಗರ್ಸ್ ಮತ್ತು ಕ್ಲೀವ್‌ಲ್ಯಾಂಡ್‌ನ ಗಾರ್ಡಿಯನ್ಸ್ ಇನ್ನೊಂದು ವಿಭಾಗದವು. ಒಂದೇ ವಿಭಾಗದ ಎರಡು ತಂಡ ವರ್ಷಕ್ಕೆ 13 ಸಲ ಎದುರಾಗ್ತವೆ. ರೆಡ್ಸ್ ಪಿಟ್ಸ್‌ಬರ್ಗಲ್ಲಿ ಆಡ್ತಿದ್ರೆ ಸಿನ್ಸಿನಾಟಿ ಮೈದಾನಕ್ಕೆ ಬೀಗ. ಐದೂ ತಾನಾಗೇ ಹೊಂದುತ್ತೆ ಅಂದ್ಕೋಬೇಡ. ಪಿಟ್ಸ್‌ಬರ್ಗ್, ಕ್ಲೀವ್‌ಲ್ಯಾಂಡ್ ನಡುವೆ ಬರೀ 215 ಕಿ.ಮೀ., ಆ ಜೋಡಿಯನ್ನ ಮೊದಲು ಗಟ್ಟಿ ಮಾಡು. ಶಿಕಾಗೊ ಕೊನೆಗಿರಲಿ. ಇಲ್ಲಿ ಎರಡು ತಂಡ ಇವೆ, ಕಬ್ಸ್ ಇಲ್ಲದಿದ್ರೆ ವೈಟ್ ಸಾಕ್ಸ್ ಇರೋದೇ ಹೆಚ್ಚು.

ಡೆಟ್ರಾಯ್ಟ್ ತಪ್ಪಿದ್ರೆ ಬೇಜಾರಾಗಬೇಡ. ದಾರಿಯಲ್ಲೇ ಟೊಲೀಡೊ ಸಿಗುತ್ತೆ, ಅಲ್ಲಿ ಟೈಗರ್ಸ್‌ನ ಕಿರಿಯ ತಂಡ ಮಡ್ ಹೆನ್ಸ್ ಆಡುತ್ತೆ. ಪಿಟ್ಸ್‌ಬರ್ಗ್‌ನಿಂದ ಸಿನ್ಸಿನಾಟಿಗೆ ಹೋಗೋವಾಗ ಕೊಲಂಬಸ್‌ನಲ್ಲಿ ಕ್ಲಿಪ್ಪರ್ಸ್ ಅನ್ನೋ ಇನ್ನೊಂದು ಕಿರಿಯ ತಂಡ ಇದೆ. ಈ ಕಿರಿಯ ತಂಡಗಳು ಸಾಮಾನ್ಯವಾಗಿ ಮಂಗಳವಾರದಿಂದ ಭಾನುವಾರದವರೆಗೆ ಒಂದೇ ಊರಲ್ಲಿ ಆಡ್ತವೆ, ಸೋಮವಾರ ರಜೆ. ಟಿಕೆಟ್ ಅಗ್ಗ, ಕೂರೋ ಜಾಗ ಆಟಕ್ಕೆ ಹತ್ತಿರ. ನನ್ನ ಕೇಳಿದ್ರೆ ಅಪ್ಪನಿಗೆ ಇದೇ ಹೆಚ್ಚು ಖುಷಿ ಕೊಡುತ್ತೆ.

ಯಾವಾಗ ಬರಬೇಕು? ಶಾಲೆ ಶುರುವಾದ ಮೇಲಿನ ಸೆಪ್ಟೆಂಬರ್‌ನಲ್ಲಿ, ಅದೂ ಮಂಗಳವಾರ ಅಥವಾ ಬುಧವಾರದ ಪಂದ್ಯ ಆರಿಸು. ದಸರಾ ರಜೆಗೆ ಕಾಯಬೇಡ. ಸೆಪ್ಟೆಂಬರ್ ಕೊನೆಗೆ ಲೀಗ್ ಮುಗಿಯುತ್ತೆ, ಅಕ್ಟೋಬರ್‌ನ ನಾಕೌಟ್ ಟಿಕೆಟ್ ನಮ್ಮ ಕೈಗೆಟುಕಲ್ಲ. ಜುಲೈ ಮಧ್ಯದಲ್ಲಿ ಆಲ್-ಸ್ಟಾರ್ ಅನ್ನೋ ತಾರಾ ಆಟಗಾರರ ಪ್ರದರ್ಶನ ಪಂದ್ಯದ ಬಿಡುವು, ಆ ನಾಲ್ಕೈದು ದಿನ ಎಲ್ಲೂ ಲೀಗ್ ಪಂದ್ಯ ಇರಲ್ಲ. ಇನ್ನೊಂದು ವಿಷಯ, ಡೆಟ್ರಾಯ್ಟ್ ಗಡಿಯಾರ ಶಿಕಾಗೊಗಿಂತ ಒಂದು ಗಂಟೆ ಮುಂದೆ. ಅಲ್ಲಿನ ಮಧ್ಯಾಹ್ನ 1:10ರ ಪಂದ್ಯಕ್ಕೆ ಇಲ್ಲಿಂದ ಬೆಳಗ್ಗೆ ಆರೂವರೆಗೇ ಹೊರಡಬೇಕು.

ಮಳೆ ಬಂದ್ರೆ? ಒಂಬತ್ತು ಇನಿಂಗ್ಸ್‌ನಲ್ಲಿ ಐದು ಆದ ಮೇಲೆ ನಿಂತ್ರೆ ಅದು ಪೂರ್ಣ ಪಂದ್ಯ, ಕಾಸು ವಾಪಸ್ ಇಲ್ಲ. ಆಟ ಮುಂದೂಡಿದ್ರೆ ಟಿಕೆಟ್ ಹೊಸ ತಾರೀಖಿಗೆ ನಡೆಯುತ್ತೆ, ಆದ್ರೆ ಆ ಹೊತ್ತಿಗೆ ನೀನು ಇನ್ನೊಂದು ಊರಲ್ಲಿರ್ತೀಯ. ಅದಕ್ಕೇ ಮಿಲ್ವಾಕಿಯನ್ನ ಮೀಸಲಾಗಿಟ್ಕೋ. ಶಿಕಾಗೊದಿಂದ 150 ಕಿ.ಮೀ., ಮೈದಾನಕ್ಕೆ ಮುಚ್ಚಿ ತೆರೆಯೋ ಚಾವಣಿ ಇದೆ, ಮಳೆಗೆ ಆಟ ನಿಲ್ಲಲ್ಲ. ಹೋಟೆಲ್ ಕೂಡ ರದ್ದು ಮಾಡೋಕೆ ಆಗುವಂಥದ್ದನ್ನೇ ಬುಕ್ ಮಾಡು. ಊರ ಹೊರಗೆ ಹೆದ್ದಾರಿ ಪಕ್ಕದ ಮೋಟೆಲ್ ಸಾಕು, ಪಾರ್ಕಿಂಗ್, ತಿಂಡಿ ಬಿಟ್ಟಿ. ರೂಮಿನ ದರದ ಮೇಲೆ ತೆರಿಗೆ ಬೇರೆ ಬೀಳುತ್ತೆ, ಅದನ್ನೂ ಸೇರಿಸಿ ಹೋಲಿಸು.

ಟಿಕೆಟನ್ನ ತಂಡದ ವೆಬ್‌ಸೈಟಲ್ಲೂ ಮರುಮಾರಾಟದ ತಾಣದಲ್ಲೂ ನೋಡು, ಶುಲ್ಕ ಎಲ್ಲ ಸೇರಿದ ಬೆಲೆ ಹೋಲಿಸು. ವಾರದ ನಡುವಿನ ಪಂದ್ಯಕ್ಕೆ ಮರುಮಾರಾಟದ ಬೆಲೆ ಆಟದ ದಿನ ಬೀಳೋದೇ ಹೆಚ್ಚು. ಕಬ್ಸ್ ಆಡೋ ರಿಗ್ಲಿ ಫೀಲ್ಡ್ ಮಾತ್ರ ಬೇರೆ. 1914ರ ಮೈದಾನ, ನೋಡೋಕಂತಲೇ ಜನ ಬರ್ತಾರೆ, ಅದನ್ನ ಮುಂಚೆಯೇ ತಗೋ. ಸೀಟು ಹೋಮ್ ಪ್ಲೇಟಿನ, ಅಂದ್ರೆ ಬ್ಯಾಟ್ ಬೀಸೋ ಜಾಗದ, ಹಿಂದೆ ಮೇಲಂತಸ್ತಿನಲ್ಲಿರಲಿ. ಚಿನ್ನಸ್ವಾಮಿಯಲ್ಲಿ ಸೈಟ್‌ಸ್ಕ್ರೀನ್ ಕಡೆ ಕೂತ ಹಾಗೆ, ಚೆಂಡು ತಿರುಗೋದು ಕಾಣುತ್ತೆ. ಪಿಟ್ಸ್‌ಬರ್ಗಲ್ಲಿ ಮೂರನೇ ಬೇಸ್ ಕಡೆ, ಅಂದ್ರೆ ಹೋಮ್ ಪ್ಲೇಟಿನ ಹಿಂದಿಂದ ನೋಡಿದ್ರೆ ಎಡಗಡೆ, ಕೂತ್ರೆ ನದಿ, ಹಳದಿ ಸೇತುವೆ, ಅದರಾಚೆ ಊರಿನ ಗೋಪುರಗಳೆಲ್ಲ ಎದುರಿಗೇ. ಟಿಕೆಟ್ ಫೋನಲ್ಲೇ ಇರುತ್ತೆ. ಸ್ಕ್ರೀನ್‌ಶಾಟ್ ನಂಬಬೇಡ, ಗೇಟಿಗೆ ಬರೋ ಮುಂಚೆಯೇ ಆ್ಯಪ್ ತೆರೆದಿಡು, ಪವರ್ ಬ್ಯಾಂಕ್ ಮರೀಬೇಡ.

ಮೈದಾನದ ಬಾಗಿಲ ತನಕ ಕಾರು ಒಯ್ಯೋದು ದುಡ್ಡಿನ ದಂಡ. ರಿಗ್ಲಿಗೆ ರೆಡ್ ಲೈನ್ ರೈಲಲ್ಲಿ ಆಡಿಸನ್ ಸ್ಟೇಷನ್ನಿಗೆ ಹೋಗು, ವೈಟ್ ಸಾಕ್ಸ್‌ಗೂ ಅದೇ ರೈಲು. ಕ್ಲೀವ್‌ಲ್ಯಾಂಡಲ್ಲಿ ಬ್ರೂಕ್‌ಪಾರ್ಕ್ ಸ್ಟೇಷನ್ನಿನಲ್ಲಿ ಕಾರು ಬಿಟ್ಟು ರೈಲು ಹತ್ತಿ ಟವರ್ ಸಿಟಿಯಲ್ಲಿ ಇಳಿ. ಪಿಟ್ಸ್‌ಬರ್ಗಲ್ಲಿ ನದಿಯ ಈಚೆ ಪೇಟೆಯಲ್ಲಿ ನಿಲ್ಲಿಸಿ ಕ್ಲೆಮೆಂಟೆ ಸೇತುವೆ ಮೇಲೆ ನಡಿ, ಪಂದ್ಯದ ದಿನ ಅದರ ಮೇಲೆ ವಾಹನ ಬಿಡಲ್ಲ. ಅಪ್ಪನಿಗೆ ಮಂಡಿ ನೋವಿದ್ರೆ ಪೇಟೆಯಿಂದ ಮೈದಾನದ ಹತ್ತಿರದ ನಾರ್ತ್ ಸೈಡ್ ಸ್ಟೇಷನ್‌ವರೆಗೆ ರೈಲು ಬಿಟ್ಟಿ.

ಟೋಲ್ ವಿಷಯ ಹುಷಾರು. ಬಾಡಿಗೆ ಕಾರಿನ ನಂಬರ್ ಪ್ಲೇಟಿಗೆ ಟೋಲ್ ಬಿದ್ರೆ ಕಂಪನಿ ತನ್ನ ಶುಲ್ಕವನ್ನೂ ಸೇರಿಸಿ ಕಾರ್ಡಿಂದ ಎಳ್ಕೊಳ್ಳುತ್ತೆ. ಟೋಲನ್ನ ತಾನಾಗೇ ಕಟ್ಟೋ ನನ್ನ ಐ-ಪಾಸ್ ಕೊಡ್ತೀನಿ (ನಮ್ಮ ಫಾಸ್ಟ್ಯಾಗ್ ಥರ), ಒಹಾಯೊ, ಪೆನ್ಸಿಲ್ವೇನಿಯಾದಲ್ಲೂ ನಡೆಯುತ್ತೆ. ಕಾರು ಕೈಗೆ ಬಂದ ತಕ್ಷಣ ನಂಬರ್ ಕಳಿಸು, ಖಾತೆಗೆ ಸೇರಿಸ್ತೀನಿ. ಗಾಜಿಗೆ ಅಂಟಿಸಿರೋ ಕಂಪನಿಯ ಟೋಲ್ ಡಬ್ಬಿ ಮುಚ್ಚೇ ಇರಲಿ, ಇಲ್ಲದಿದ್ರೆ ಎರಡು ಸಲ ಕಾಸು. ಸಿನ್ಸಿನಾಟಿಯಿಂದ ಇಂಡಿಯಾನಾಪೊಲಿಸ್ ಮೇಲೆ ಬಂದ್ರೆ ಟೋಲೇ ಇಲ್ಲ, ಶಿಕಾಗೊ ಹತ್ತಿರ ಸ್ಕೈವೇ ಅನ್ನೋ ಟೋಲ್ ರಸ್ತೆ ಮಾತ್ರ ಹತ್ತಬೇಡ.

ಊಟಕ್ಕೆ ಚಪಾತಿ, ಪಲ್ಯ, ಪುಳಿಯೋಗರೆ ಕಟ್ಟಿಕೊಳ್ಳೋಣ. ರಿಗ್ಲಿಯಲ್ಲೂ ಪಿಟ್ಸ್‌ಬರ್ಗಲ್ಲೂ ಮನೆ ಊಟ ಒಳಗೆ ಬಿಡ್ತಾರೆ. ಬ್ಯಾಗಿನ ಅಳತೆ, ನೀರಿನ ಬಾಟಲಿಯ ನಿಯಮ ಒಂದೊಂದು ಕಡೆ ಒಂದೊಂದು ಥರ, ಹಿಂದಿನ ರಾತ್ರಿ ಆಯಾ ಮೈದಾನದ ಪುಟ ನೋಡಿಬಿಡು.

ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಲೈಸೆನ್ಸ್ ಮಾಡಿಸು, ಅಸಲಿ ಲೈಸೆನ್ಸೂ ಜೊತೆಗಿರಲಿ. ವಿಮಾನದ ಟಿಕೆಟ್ ತಗೊಳ್ಳೋ ಮುಂಚೆ ಆ ವೇಳಾಪಟ್ಟಿ ಹಾಳೆ ನನಗೆ ಕಳಿಸು.

ನಿನ್ನ ಅಕ್ಕ