ಅಂಗಡಿ ಬಿಲ್ಲಿನ ಹಿಂಬದಿಯಲ್ಲಿ ಬರೆದುಕೊಟ್ಟ ಹಿರಿಯರಿಗೆ

ಅಕ್ವೇರಿಯಂ ಅಂಗಡಿಯಲ್ಲಿ ನನ್ನ ಕೈಯಲ್ಲಿದ್ದ ಪುಡಿ ಆಹಾರದ ಡಬ್ಬಿಯನ್ನು ಮರಳಿ ಇಡಿಸಿದ ಹಿರಿಯರೇ, ನಿಮ್ಮ ಹೆಸರನ್ನೂ ಕೇಳಲಿಲ್ಲ. ಬೆಟ್ಟಾ ಮೀನಿನ ಮರಿಗಳು ಮೊದಲ 2-3 ದಿನ ಒಡಲಿನ ಹಳದಿ ಚೀಲದಿಂದಲೇ ಬದುಕುತ್ತವೆ, ಈಜತೊಡಗಿದ ಮೇಲೆ ಅಲುಗಾಡುವ ಜೀವಂತ ಆಹಾರವೇ ಬೇಕು ಎಂದಿರಿ. ಹಿಂದಿನ ಸಲ ಬೇಯಿಸಿದ ಮೊಟ್ಟೆಯ ಹಳದಿ ಹಾಕಿ, ನೀರು ಕೆಟ್ಟು, ಅಷ್ಟೂ ಮರಿಗಳನ್ನು ಕಳೆದುಕೊಂಡಿದ್ದೆ.

ನೀವು ಬರೆದುಕೊಟ್ಟಂತೆಯೇ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿ) ಮೊಟ್ಟೆಗಳನ್ನು ಬಾಟಲಿಯಲ್ಲಿ ಮರಿ ಮಾಡಿಸಲು ಇಟ್ಟೆ: ಲೀಟರ್ ನೀರಿಗೆ 25 ಗ್ರಾಂ ಉಪ್ಪು, ಏರ್ ಪಂಪಿನ ಗುಳ್ಳೆ, 28 ಡಿಗ್ರಿ ಬಿಸಿ. ಮರುದಿನ ಸಂಜೆಗೆ ಬಾಟಲಿಯ ತುಂಬ ಕಿತ್ತಳೆ ಬಣ್ಣದ ಆರ್ಟೀಮಿಯಾ! ಸಿಪ್ಪೆ ಬೇರ್ಪಡಿಸಿ, ಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆದು ಹಾಕಿದೆ. ಟಾರ್ಚಿನ ಬೆಳಕಿನಲ್ಲಿ ಮರಿಗಳ ಪುಟ್ಟ ಹೊಟ್ಟೆಗಳು ಕಿತ್ತಳೆಯಾಗಿ ಹೊಳೆದಾಗ ನನ್ನ ಕಣ್ಣು ತುಂಬಿತು. ನಿಮಗೆ ಮನಸಾರೆ ಧನ್ಯವಾದ. ಇಂದಿಗೆ 18 ದಿನ. 40ಕ್ಕೂ ಹೆಚ್ಚು ಮರಿಗಳು ಈಜುತ್ತಿವೆ.