ಅಮ್ಮನ ಹಿಮ್ಮಡಿ ನೋಡಿದ ಸಿಸ್ಟರ್‌ಗೆ

ಸಿಸ್ಟರ್, ಆ ರಾತ್ರಿಯ ಗಾಬರಿಯಲ್ಲಿ ನಿಮ್ಮ ಹೆಸರು ಕೇಳುವುದೇ ಮರೆತುಹೋಯಿತು. ಸೊಂಟದ ಮೂಳೆ ಮುರಿದು ಮಲಗಿದ್ದ ಅಮ್ಮನ ಬಿಪಿ, ಜ್ವರ ನೋಡಿ ಹೊರಟುಬಿಡುತ್ತೀರಿ ಎಂದುಕೊಂಡಿದ್ದೆ. ನೀವು ಕೈ ತೊಳೆದು, ಅಂಗೈ ಬೆಚ್ಚಗೆ ಮಾಡಿಕೊಂಡು, ನೆತ್ತಿಯಿಂದಲೇ ಶುರುಮಾಡಿದಿರಿ. ಜಡೆ ಬಿಡಿಸಿ ತಲೆಯ ಚರ್ಮ ನೋಡಿದಿರಿ. ಕತ್ತಿನ ಮೇಲೆ ಬೆರಳಿಟ್ಟು ಒಂದು ಗುಟುಕು ನೀರು ನುಂಗಿಸಿದಿರಿ. ಉಗುರು ಒತ್ತಿ ಬಿಟ್ಟು, 2 ಸೆಕೆಂಡಿನೊಳಗೆ ಕೆಂಪು ಮರಳಿದ್ದು ಕಂಡು ತಲೆಯಾಡಿಸಿದಿರಿ.

ಹಿಮ್ಮಡಿಗೆ ಬಂದಾಗ ನಿಮ್ಮ ಕೈ ನಿಂತಿತು. ಅಲ್ಲಿ ನಾಣ್ಯದಷ್ಟಗಲದ ಕೆಂಪು. ಹಾಸಿಗೆಯ ಗುರುತಿರಬೇಕೆಂದು ನಾನು ಎರಡು ದಿನ ಸುಮ್ಮನಿದ್ದೆ. ನೀವು ಬೆರಳಿನಿಂದ ಒತ್ತಿ ತೆಗೆದಿರಿ, ಅದು ಬಿಳುಚಲಿಲ್ಲ. ಕೈಯ ಹಿಂಬದಿ ತಾಗಿಸಿ, ಪಕ್ಕದ ಚರ್ಮಕ್ಕಿಂತ ಬಿಸಿಯಿದೆಯೇ ಎಂದೂ ನೋಡಿದಿರಿ. “ಇದು ಒಂದೇ ಕಡೆ ಒತ್ತಿ ಮಲಗಿರುವುದರಿಂದ ಆಗುವ ಒತ್ತಡದ ಹುಣ್ಣಿನ ಮೊದಲ ಹಂತ. ಚರ್ಮ ಒಡೆದಿಲ್ಲ, ಉಳಿಸಿಕೊಳ್ಳಬಹುದು. ಉಜ್ಜಬೇಡಿ” ಎಂದು ಹೇಳಿ, ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿಯನ್ನು ಹಾಸಿಗೆಯಿಂದ ಮೇಲೆತ್ತಿದಿರಿ.

“ಅಮ್ಮಾ, ಈಗ ಕತ್ತು ಮುಟ್ಟಲೇ?” ಎಂದು ಪ್ರತಿ ಸಲವೂ ಕೇಳಿಯೇ ಮುಟ್ಟಿದಿರಲ್ಲ, ಅಮ್ಮ ಇಂದಿಗೂ ಅದನ್ನೇ ನೆನೆಯುತ್ತಾರೆ. ಹಿಮ್ಮಡಿಯ ಕೆಂಪು ಕೆಲವೇ ದಿನಗಳಲ್ಲಿ ಮಾಯವಾಯಿತು. ಅಮ್ಮ ಈಗ ಕೋಲು ಹಿಡಿದು ನಡೆಯುತ್ತಿದ್ದಾರೆ. ನಿಮಗೆ ನಮ್ಮಿಬ್ಬರ ಹೃತ್ಪೂರ್ವಕ ಧನ್ಯವಾದಗಳು.