ಲ್ಯಾಪ್‌ಟಾಪಿನ ಕೆಳಗೊಂದಿಷ್ಟು ಗಾಳಿ

ಚಿ. ಸುಹಾಸನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಲ್ಯಾಪ್‌ಟಾಪ್ ಕೆಂಡದ ಹಾಗೆ ಕಾಯುತ್ತದೆ, ಕೆಲಸ ತೆವಳುತ್ತದೆ ಎಂದು ಬರೆದಿದ್ದೀಯ. ಕೂಲಿಂಗ್ ಪ್ಯಾಡಿಗೆ (ಕೆಳಗಿಡುವ ಫ್ಯಾನಿನ ಹಲಗೆಗೆ) ದುಡ್ಡು ಹಾಕುವ ಮೊದಲು ಅದನ್ನು ಹಾಸಿಗೆಯಿಂದ ಮೇಜಿಗೆ ತಂದು, ಹಿಂಭಾಗವನ್ನು ಒಂದೂವರೆ ಎರಡು ಸೆಂಟಿಮೀಟರ್ ಎತ್ತಿ ನೋಡು.

ಅದಕ್ಕೂ ಮೊದಲು ಅದು ಗಾಳಿ ಎಲ್ಲಿಂದ ಎಳೆಯುತ್ತದೆ ಅನ್ನುವುದು ಗೊತ್ತಿರಬೇಕು. ಟಿಶ್ಯೂ ಪೇಪರಿನ ಒಂದೇ ಪದರ ಬಿಡಿಸಿ ಬೆರಳಗಲದ ಪಟ್ಟಿ ಹರಿದುಕೋ. ಫ್ಯಾನ್ ಜೋರಾಗಿ ತಿರುಗುವಾಗ ಒಂದೊಂದೇ ಕಿಂಡಿಯ ಬಳಿ ಹಿಡಿ. ಪಟ್ಟಿ ಅಂಟಿಕೊಂಡರೆ ಅದು ಒಳದಾರಿ, ಪಟಪಟ ಹಾರಿದರೆ ಹೊರದಾರಿ. ಹೆಚ್ಚಿನವುಗಳಲ್ಲಿ ಒಳದಾರಿ ತಳದಲ್ಲೇ ಇರುತ್ತದೆ. ತಳದ ರಬ್ಬರ್ ಕಾಲುಗಳ ಎತ್ತರ ಕೆಲವೇ ಮಿಲಿಮೀಟರ್. ಆ ಸಂದಿಯಲ್ಲಿ ಎಷ್ಟೋ ಸಲ ಫ್ಯಾನಿಗೆ ಸಾಕಾಗುವಷ್ಟು ಗಾಳಿ ನುಸುಳುವುದಿಲ್ಲ. ಹಾಸಿಗೆಯ ಮೇಲಂತೂ ಬಟ್ಟೆಯೇ ಕಿಂಡಿಗೆ ಮೆತ್ತಿಕೊಳ್ಳುತ್ತದೆ. ಎಂ1 ಮ್ಯಾಕ್‌ಬುಕ್ ಏರ್ ತರಹ ಫ್ಯಾನೇ ಇಲ್ಲದವುಗಳಿಗೆ ಎತ್ತಿದರೆ ಸಿಗುವ ಲಾಭ ಸ್ವಲ್ಪವೇ.

ಹಳೆಯ ಹವಾಯಿ ಚಪ್ಪಲಿಯ ಹಿಮ್ಮಡಿ ಕಡೆಯಿಂದ 3 ಸೆಂ.ಮೀ. ಚೌಕದ ಎರಡು ತುಂಡು ಕತ್ತರಿಸಿ, ತೊಳೆದು ಒಣಗಿಸಿ, ಹಿಂದಿನ ಎರಡು ಮೂಲೆಗಳ ಕೆಳಗೆ ಇಡು. ಬಾಟಲಿ ಮುಚ್ಚಳ ಬೇಡ. ಟೈಪ್ ಮಾಡುತ್ತಾ ಮಾಡುತ್ತಾ ಅದು ಜಾರುತ್ತದೆ, ಲ್ಯಾಪ್‌ಟಾಪ್ ದಢಕ್ಕನೆ ಕೂರುತ್ತದೆ. ತುಂಡು ಕಿಂಡಿಗೆ ಅಡ್ಡ ಬರಬಾರದು. ಹಿಂದೆ ಗೋಡೆಗೆ ಒಂದು ಗೇಣು ಜಾಗ ಬಿಡು, ಇಲ್ಲದಿದ್ದರೆ ಹೊರಬಂದ ಬಿಸಿಗಾಳಿಯೇ ಸುತ್ತಿಕೊಂಡು ಮತ್ತೆ ತಳಕ್ಕೆ ಹೋಗುತ್ತದೆ. ಇನ್ನೂ ಎತ್ತರ ಬೇಕೆನಿಸಿದರೆ ಬೇರೆ ಕೀಬೋರ್ಡ್ ಇಟ್ಟುಕೋ, ಮಣಿಕಟ್ಟು ಮೇಲಕ್ಕೆ ಮಡಚಿಕೊಂಡು ಗಂಟೆಗಟ್ಟಲೆ ಟೈಪ್ ಮಾಡಬೇಡ.

ಅಳೆಯದೆ ನಂಬಬೇಡ. ಪ್ರೊಸೆಸರ್‌ನ ಬಿಸಿ, ವೇಗ ತೋರಿಸುವ ಎಚ್‌ಡಬ್ಲ್ಯೂಇನ್ಫೋ (HWiNFO) ಎಂಬ ತಂತ್ರಾಂಶ ಹಾಕಿಕೊಂಡು, ಒಂದೇ ಕೆಲಸವನ್ನು ಇಪ್ಪತ್ತು ನಿಮಿಷ ಓಡಿಸಿ, ಎತ್ತುವ ಮೊದಲು ಒಮ್ಮೆ, ಎತ್ತಿದ ಮೇಲೆ ಒಮ್ಮೆ ಬಿಸಿ ಎಷ್ಟೆಂದು ಬರೆದುಕೋ. ಎರಡೂ ಸಲ ಕೋಣೆಯ ಬಿಸಿ ಒಂದೇ ಇರಲಿ. ಮೈಸೂರಿನಲ್ಲಿ 28 ಡಿಗ್ರಿ ಗಾಳಿ ಎಳೆಯುತ್ತಿದ್ದ ಯಂತ್ರ ಕಲಬುರಗಿಯ ಏಪ್ರಿಲ್‌ನಲ್ಲಿ 40 ಡಿಗ್ರಿಯದನ್ನು ಎಳೆಯುತ್ತಿದೆ; ಆ ಹನ್ನೆರಡು ಡಿಗ್ರಿ ಹೆಚ್ಚುಕಡಿಮೆ ಹಾಗೇ ಒಳಗೂ ಏರುತ್ತದೆ.

ಬಹಳ ಜನ ಎಡವುವುದು ಇಲ್ಲಿ: ಎತ್ತಿದ ಮೇಲೂ 95 ಡಿಗ್ರಿಯೇ ತೋರಿಸಿದರೆ ಉಪಯೋಗವಾಗಲಿಲ್ಲ ಅಂದುಕೊಳ್ಳುತ್ತಾರೆ. ಎಷ್ಟೋ ಇಂಟೆಲ್ ಪ್ರೊಸೆಸರ್‌ಗಳ ಮಿತಿ 100 ಡಿಗ್ರಿ. ಅದರ ಹತ್ತಿರ ಬಂದಾಗ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಗಾಳಿ ಹೆಚ್ಚು ಸಿಕ್ಕರೆ ಆ ವೇಗವನ್ನು ಮತ್ತೆ ಏರಿಸಿಕೊಂಡು, ಅದೇ ಬಿಸಿಯಲ್ಲಿ ಹೆಚ್ಚು ಕೆಲಸ ಮಾಡುತ್ತದೆ. ಆದ್ದರಿಂದ ಡಿಗ್ರಿಯ ಪಕ್ಕದಲ್ಲೇ ಆ ವೇಗವನ್ನು, ಅಂದರೆ ಗಿಗಾಹರ್ಟ್ಸ್ ಕೂಡ ಬರೆದುಕೋ.

ಡಿಗ್ರಿ, ಗಿಗಾಹರ್ಟ್ಸ್ ಎರಡೂ ಅಲುಗಾಡದಿದ್ದರೆ ತೊಂದರೆ ಒಳಗಿರಬಹುದು. ಎಷ್ಟೋ ಸಲ ಫ್ಯಾನಿಗೂ ಬಿಸಿ ಹೊರಹಾಕುವ ಲೋಹದ ತೆಳು ಪಟ್ಟಿಗಳಿಗೂ ನಡುವೆ ಧೂಳು ಕಂಬಳಿಯ ತುಂಡಿನಂತೆ ಕಟ್ಟಿಕೊಂಡಿರುತ್ತದೆ, ಎಷ್ಟು ಎತ್ತಿದರೂ ಅದು ಹೋಗುವುದಿಲ್ಲ. ವಾರಂಟಿ ಇದ್ದರೆ ಸರ್ವಿಸ್‌ನವರೇ ಬಿಚ್ಚಲಿ. ನೀನೇ ಬಿಚ್ಚುವುದಾದರೆ ಆಫ್ ಮಾಡಿ, ಚಾರ್ಜರ್ ಕಿತ್ತು, ಬ್ಯಾಟರಿ ಕನೆಕ್ಟರ್ ಬಿಡಿಸಿ, ಫ್ಯಾನಿನ ರೆಕ್ಕೆ ತಿರುಗದಂತೆ ಕಡ್ಡಿಯಿಂದ ಹಿಡಿದು ಗಾಳಿ ಊದು. ಹಿಡಿಯದೆ ಊದಿದರೆ ಅಳತೆ ಮೀರಿ ತಿರುಗಿ ಬೇರಿಂಗ್ ಹಾಳಾಗಬಹುದು.

ಎರಡೂ ಸಲದ ಅಂಕಿ ಬರೆದು ಕಳಿಸು. ಪ್ರೊಸೆಸರ್‌ನ ಬಿಸಿಯನ್ನು ಅದರ ಮೇಲಿನ ಲೋಹಕ್ಕೆ ದಾಟಿಸುವ ಥರ್ಮಲ್ ಪೇಸ್ಟ್ ಬದಲಿಸಬೇಕೋ ಬೇಡವೋ ಎಂದು ನೋಡಿ ಹೇಳುತ್ತೇನೆ.

ಇತಿ,
ನಿನ್ನ ಮಾವ